ನೀರಿನ ಹಾದಿಯೂ ಸಾರ್ವಜನಿಕರದೇ

ಪಂಚನಹಳ್ಳಿಯ ಓದುಗರಿಗೆ ದೋಣಿ, ಕಡವುಗಳ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಕಡೂರು ತಾಲ್ಲೂಕಿನ ಈ ಭಾಗ ಬಯಲುಸೀಮೆ. ಕೆರೆ ಕೋಡಿ ಬಿದ್ದ ವರ್ಷವನ್ನು ಜನ ಬಹುಕಾಲ ನೆನಪಿಟ್ಟುಕೊಳ್ಳುವ ಸೀಮೆ. ಸಮುದ್ರವೆಂದರೆ ಘಟ್ಟದಾಚೆಯ ಮಾತು. ಆದರೆ ಕೊಬ್ಬರಿ ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗ, ಮಕ್ಕಳ ಶಾಲೆಗೆ ರಜೆ ಬಂದಾಗ, ಇಲ್ಲಿಯ ದುಡಿಯುವ ಜನ ಹೊರಡುವುದು ಆ ಕಡೆಗೇ. ನಾಲ್ಕು ಮನೆಯವರು ಸೇರಿ ಒಂದು ಟೆಂಪೋ ಗೊತ್ತುಮಾಡಿಕೊಂಡು ಧರ್ಮಸ್ಥಳ, ಉಡುಪಿ, ಮುರುಡೇಶ್ವರ, ಗೋಕರ್ಣ ಎಂದು ಸುತ್ತಿ ಬರುತ್ತಾರೆ. ದೇವರ ದರ್ಶನವಾದ ಮೇಲೆ ಮಲ್ಪೆಯಲ್ಲಿ ಬೋಟು ಹತ್ತಿ ಸೇಂಟ್ ಮೇರಿ ದ್ವೀಪ ನೋಡದೆ ಹಿಂದಿರುಗಲು ಮಕ್ಕಳು ಬಿಡುವುದಿಲ್ಲ. ಗಿರಣಿಯಲ್ಲಿ ವರ್ಷವಿಡೀ ದುಡಿದವನಿಗೆ, ಗಲ್ಲಾಪೆಟ್ಟಿಗೆಯ ಮುಂದೆ ವರ್ಷವಿಡೀ ಕುಳಿತವನಿಗೆ ಸಮುದ್ರ ನೋಡುವ ಹಕ್ಕಿಲ್ಲವೇ? ಇದೆ. ಹೋದವನು ಜೀವಸಹಿತ ಮನೆಗೆ ಹಿಂದಿರುಗುವ ಹಕ್ಕೂ ಇದೆ. ನಾವು ಇಂದು ಹೇಳಹೊರಟಿರುವುದು ಈ ಎರಡನೆಯ ಹಕ್ಕಿನ ಮಾತು.

2019ರ ಜನವರಿ 21ರಂದು ಕಾರವಾರದ ಸಮೀಪದ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ಜಾತ್ರೆ ಮುಗಿಸಿ ಹಿಂದಿರುಗುತ್ತಿದ್ದ ಬೋಟು ಅಲೆಗೆ ಸಿಕ್ಕು ಮಗುಚಿತು. 16 ಮಂದಿ ಸತ್ತರು. ಸತ್ತವರಲ್ಲಿ ಹಲವರು ಹಾವೇರಿ ಜಿಲ್ಲೆಯ ಒಂದೇ ಕುಟುಂಬದವರು. ಹಾವೇರಿಯೂ ನಮ್ಮಂತೆಯೇ ಒಳನಾಡು. ಅಲ್ಲಿಯ ಜನರೂ ನಮ್ಮಂತೆಯೇ ಈಜು ಬಾರದ ರೈತರು, ಕೂಲಿಕಾರರು. ದೇವರಿಗೆ ಕೈಮುಗಿದು ಬಂದವರ ಹೆಣಗಳನ್ನು ನೀರಿನಿಂದ ಹೆಕ್ಕಿ ಊರಿಗೆ ಒಯ್ಯಬೇಕಾಯಿತು. ಆ ದುರ್ದಿನ ಪಂಚನಹಳ್ಳಿಯ ಟೆಂಪೋ ಒಂದಕ್ಕೆ ಬರಲಿಲ್ಲವೆಂದರೆ ಅದು ನಮ್ಮ ಅದೃಷ್ಟವೇ ಹೊರತು ಯಾರ ಆಡಳಿತದ ದಕ್ಷತೆಯೂ ಅಲ್ಲ.

ಇಂಥ ಅನಾಹುತವಾದಾಗಲೆಲ್ಲ ಮೊದಲು ಬೈಗುಳ ತಿನ್ನುವವನು ಬೋಟು ನಡೆಸುವವನು. ಅವನದು ತಪ್ಪಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅವನ ಹೊಟ್ಟೆಪಾಡನ್ನೂ ನೋಡಬೇಕು. ಮಳೆಗಾಲದ ತಿಂಗಳುಗಳಲ್ಲಿ ಕಡಲು ಮುಚ್ಚಿರುತ್ತದೆ. ಪ್ರವಾಸಿ ಬೋಟು ಓಡುವಂತಿಲ್ಲ, ಕೂಲಿಯಿಲ್ಲ. ಉಳಿದ ತಿಂಗಳುಗಳಲ್ಲಿ ಹನ್ನೆರಡು ತಿಂಗಳ ಅನ್ನ ಹುಟ್ಟಬೇಕು. ಬೋಟಿನ ಒಡೆಯನಿಗೆ ಲಾಭ ಬರುವುದು ತಲೆ ಎಣಿಕೆಯ ಮೇಲೆ. ಇಪ್ಪತ್ತು ಜನರ ಬೋಟಿಗೆ ಮೂವತ್ತು ಜನ ಹತ್ತಿದರೆ ಹತ್ತು ಜನರ ಹಣ ಪೂರಾ ಲಾಭ. ಅಪಾಯ ಮಾತ್ರ ಮೂವತ್ತು ಜನರದೂ, ನಡೆಸುವವನದೂ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನರನ್ನು ಮುಳುಗಿಸಿದ್ದು ಈ ಲೆಕ್ಕಾಚಾರವೇ. ಮೀನು ಹಿಡಿಯುವ ದೋಣಿಯನ್ನು ತಿದ್ದಿ ಪ್ರವಾಸಿ ಬೋಟು ಮಾಡಿ, ಅಳತೆ ಮೀರಿ ಜನ ತುಂಬಿ, ಕತ್ತಲಾದ ಮೇಲೂ ಓಡಿಸಿದ್ದರು. ಸತ್ತವರಲ್ಲಿ ಹಸುಳೆಗಳೂ ಇದ್ದವು.

ನಮ್ಮ ಓದುಗರು ತಮ್ಮ ತಮ್ಮ ಕಸುಬನ್ನೇ ನೆನೆದುಕೊಳ್ಳಲಿ. ಗಿರಣಿಯ ಬಾಯ್ಲರಿಗೆ ಇನ್ಸ್‌ಪೆಕ್ಟರು ಬಂದು ಸರ್ಟಿಫಿಕೇಟು ಕೊಡದೆ ಬೆಂಕಿ ಹಾಕುವಂತಿಲ್ಲ. ಅಂಗಡಿಯ ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಬೀಳದಿದ್ದರೆ ಸಣ್ಣ ವ್ಯಾಪಾರಿ ದಂಡ ತೆರಬೇಕು. ಒಂದು ಸೇರು ಅವರೆಕಾಳಿನ ತೂಕದಲ್ಲಿ ಇಷ್ಟು ನಿಷ್ಠುರವಾಗಿರುವ ಸರ್ಕಾರ, ಮೂವತ್ತು ಜೀವಗಳ ತೂಕ ಹೊತ್ತ ಬೋಟಿನ ವಿಷಯದಲ್ಲಿ ಸಡಿಲವಾಗುವುದು ಯಾವ ನ್ಯಾಯ? ಕಾನೂನಿಲ್ಲವೆಂದಲ್ಲ. 1917ರ ಹಳೆಯ ಕಾಯಿದೆಯನ್ನು ತೆಗೆದು 2021ರಲ್ಲಿ ಒಳನಾಡ ನೌಕೆಗಳಿಗೆ ಹೊಸ ಕಾಯಿದೆಯನ್ನೇ ತಂದಿದ್ದಾರೆ. ನೋಂದಣಿ, ತಪಾಸಣೆ, ವಿಮೆ ಎಲ್ಲವೂ ಅದರಲ್ಲಿದೆ. ಆದರೆ ತಾನೂರಿನ ಬೋಟು ಮುಳುಗಿದ್ದು ಈ ಕಾಯಿದೆ ಬಂದ ಮೇಲೆಯೇ. ಪುಸ್ತಕದಲ್ಲಿರುವ ಕಾನೂನು ಮುಳುಗುವವನಿಗೆ ಹಿಡಿದುಕೊಳ್ಳಲು ಹಲಗೆಯಾಗದು.

ಇನ್ನೊಂದು ಮಾತು. ನಾವು ವರ್ಷಕ್ಕೊಮ್ಮೆ ಬೋಟು ಹತ್ತುವವರು. ದಿನವೂ ಹತ್ತುವವರಿದ್ದಾರೆ. ಗೋಕರ್ಣದ ಹತ್ತಿರದ ತದಡಿಯಿಂದ ಹೊಳೆ ದಾಟಿ ಅಘನಾಶಿನಿಗೆ ಹೋಗುವವರು, ಮಂಗಳೂರಿನ ಹಳೆ ಬಂದರಿನಿಂದ ಬೆಂಗ್ರೆಗೆ ದಾಟುವ ಮೀನುಗಾರ ಕುಟುಂಬಗಳು, ಇವರಿಗೆಲ್ಲ ದೋಣಿಯೇ ರಸ್ತೆ. ರಸ್ತೆ ಸುತ್ತಿ ಹೋದರೆ ದೂರ. ನೀರಿನ ಮೇಲೆ ಕೆಲವೇ ನಿಮಿಷ. ಕರಾವಳಿಯ ಮಾತು ಬಿಡಿ, ಘಟ್ಟದ ಮೇಲೆಯೇ ನೋಡಿ: 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದಾಗ ಸಾಗರ ತಾಲ್ಲೂಕಿನ ತುಮರಿ ಸೀಮೆಯ ಜನ ನಡುಗಡ್ಡೆಯವರಂತಾದರು. ಆ ನೀರಿನಿಂದ ಹುಟ್ಟಿದ ವಿದ್ಯುತ್ತು ನಮ್ಮ ಗಿರಣಿಗಳನ್ನು ತಿರುಗಿಸಿತು, ನಮ್ಮ ಅಂಗಡಿಗಳಲ್ಲಿ ದೀಪ ಹಚ್ಚಿತು. ಭೂಮಿ ಕಳೆದುಕೊಂಡವರು ಮಾತ್ರ ಬಸುರಿಯನ್ನೂ ರೋಗಿಯನ್ನೂ ಲಾಂಚಿನಲ್ಲಿ ದಾಟಿಸುತ್ತ ಕುಳಿತರು. ಸಿಗಂದೂರಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅರವತ್ತು ವರ್ಷ! ದೋಣಿಯನ್ನೇ ನಂಬಿದ ಜನರ ಕೂಗು ರಾಜಧಾನಿಗೆ ಕೇಳಲು ಎಷ್ಟು ಕಾಲ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸರ್ಕಾರವೇ ದೋಣಿ ನಡೆಸಲಾದೀತೇ ಎಂದು ಕೇಳುವವರಿಗೆ ಉತ್ತರ ದೂರದಲ್ಲಿಲ್ಲ. ಗೋವೆಯಲ್ಲಿ ಹೊಳೆ ದಾಟಿಸುವ ಫೆರಿಗಳು ಸರ್ಕಾರದವು, ಕಾಲ್ನಡಿಗೆಯವರಿಗೆ ದುಡ್ಡಿಲ್ಲ. ಕೇರಳದಲ್ಲಿ ಜಲಸಾರಿಗೆಗೆಂದೇ ಒಂದು ಇಲಾಖೆ 1968ರಿಂದ ಕೆಲಸ ಮಾಡುತ್ತಿದೆ. 2017ರಿಂದ ವೈಕಂನಲ್ಲಿ ಬಿಸಿಲಿನ ಶಕ್ತಿಯಿಂದಲೇ ಓಡುವ 75 ಆಸನಗಳ ಬೋಟು ಜನರನ್ನು ದಾಟಿಸುತ್ತಿದೆ. ಕೊಚ್ಚಿಯಲ್ಲಿ 2023ರಲ್ಲಿ ವಾಟರ್ ಮೆಟ್ರೋ ಆರಂಭವಾಯಿತು. ನಮ್ಮಲ್ಲಿಯೂ 1948ರಲ್ಲಿ ಮೈಸೂರು ಸರ್ಕಾರ ಬಸ್ಸು ನಡೆಸಲು ಹೊರಟಾಗ ಇದೇ ಸಂಶಯ ಕೇಳಿಬಂದಿದ್ದರೆ, ಇಂದು ಹಳ್ಳಿಹಳ್ಳಿಗೂ ಓಡುವ ಕೆಂಪು ಬಸ್ಸು ಅದಕ್ಕೆ ಉತ್ತರ ಹೇಳುತ್ತಿದೆ. 2024ರ ರಾಜ್ಯ ಬಜೆಟ್ಟಿನಲ್ಲಿ ಮಂಗಳೂರಿಗೂ ವಾಟರ್ ಮೆಟ್ರೋ ತರುವ ಮಾತು ಬಂತು. ಸಂತೋಷ. ಆದರೆ ಅದು ಪ್ರವಾಸಿಗರ ಮನರಂಜನೆಗೆ ಮಾತ್ರವಾಗದೆ, ಮೀನು ಬುಟ್ಟಿ ಹೊತ್ತ ಬೆಂಗ್ರೆಯ ತಾಯಿಗೂ ಜಾಗ ಕೊಡಬೇಕು. ಕನ್ನಡಿ ಕಿಟಕಿಯ ಬೋಟು ಒಂದು ವರ್ಗಕ್ಕೆ, ಸೋರುವ ದೋಣಿ ಇನ್ನೊಂದು ವರ್ಗಕ್ಕೆ ಎಂಬ ಏರ್ಪಾಡನ್ನು ನಾವು ಒಪ್ಪಲಾರೆವು.

ಆದ್ದರಿಂದ ನಮ್ಮ ಒತ್ತಾಯವಿಷ್ಟು. ಪ್ರತಿಯೊಂದು ಬೋಟಿನ ಮೇಲೂ, ಪ್ರತಿಯೊಂದು ಕಡವಿನಲ್ಲೂ, ಎಷ್ಟು ಜನರಿಗೆ ಅವಕಾಶ ಎಂಬುದನ್ನು ಕನ್ನಡದಲ್ಲಿ ದಪ್ಪಕ್ಷರದಿಂದ ಬರೆದಿರಬೇಕು. ಕೊನೆಯ ಮಗುವೂ ಲೈಫ್ ಜಾಕೆಟ್ ತೊಡುವವರೆಗೆ ಹಗ್ಗ ಬಿಚ್ಚಕೂಡದು. ದರವನ್ನು ಸರ್ಕಾರ ಗೊತ್ತುಮಾಡಿ, ವಿಮೆ ಸೇರಿದ ಟಿಕೇಟು ಕೊಡಿಸಬೇಕು. ಮಳೆಗಾಲದಲ್ಲಿ ಕೂಲಿಯಿಲ್ಲದ ಬೋಟು ಕೆಲಸಗಾರರಿಗೆ ಜೀವನಭತ್ಯ ಬೇಕು. ಹೊಟ್ಟೆ ತುಂಬಿದವನು ಅಳತೆ ಮೀರಿ ಜನ ತುಂಬಲಾರೆನೆಂದು ಒಡೆಯನಿಗೆ ಹೇಳಬಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ದೊರೆತ ಉಚಿತ ಪ್ರಯಾಣ, ದೋಣಿಯೇ ರಸ್ತೆಯಾಗಿರುವ ಊರುಗಳ ಕಡವಿಗೂ ವಿಸ್ತರಿಸಬೇಕು. ಬಸ್ಸು ನಿಂತು ನೀರು ಶುರುವಾದ ಕಡೆ ಹೆಣ್ಣುಮಕ್ಕಳ ಹಕ್ಕು ಮುಗಿಯುತ್ತದೆಯೇ?

ನಮ್ಮ ಬಂಧುಗಳಿಗೂ ಒಂದು ವಿನಂತಿ. ಈ ಸಾರಿ ಸಮುದ್ರಕ್ಕೆ ಹೋದಾಗ ಬೋಟು ಹತ್ತುವ ಮುನ್ನ ತಲೆ ಎಣಿಸಿ, ಜಾಕೆಟ್ ಕೇಳಿ. ಇಲ್ಲವೆಂದರೆ ಇಡೀ ಟೆಂಪೋದವರು ಒಟ್ಟಾಗಿ ದಡದಲ್ಲೇ ನಿಲ್ಲಿ. ಒಬ್ಬನು ನಿರಾಕರಿಸಿದರೆ ಅಂಜುಬುರುಕನೆಂದು ನಕ್ಕಾರು. ಮೂವತ್ತು ಜನ ನಿರಾಕರಿಸಿದರೆ ಜಾಕೆಟ್ ತಾನಾಗಿ ಬರುತ್ತದೆ. ಗಿರಣಿಯ ಬಾಗಿಲಲ್ಲಿ ಕಲಿತ ಈ ಪಾಠ ಕಡಲ ದಂಡೆಯಲ್ಲಿಯೂ ನಿಜವೇ.