ಸುತ್ತಿ ಬಂದವರಿಗೂ ಜಾಗ ಕೊಡಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಹದಿನೈದೇ ದಿನದಲ್ಲಿ ನಮ್ಮ ರಾಜ್ಯದ ಲಕ್ಷಾಂತರ ಮಕ್ಕಳ ಹಣೆಬರಹವನ್ನು ದೊಡ್ಡವರು ಬರೆದು ಮುಗಿಸಿರುತ್ತಾರೆ. ತೊಂಬತ್ತರ ಮೇಲೆ ಬಂದಿದ್ದರೆ ಸೈನ್ಸ್, ಸ್ವಲ್ಪ ಇಳಿದರೆ ಕಾಮರ್ಸ್, ಇನ್ನೂ ಇಳಿದರೆ ಆರ್ಟ್ಸ್. ‘ತಲೆ ಓಡಲ್ಲ, ಕೈಯಾದ್ರೂ ಓಡ್ಲಿ’ ಎನ್ನಿಸಿದರೆ ಐಟಿಐ. ಹದಿನಾರು ತುಂಬದ ಹುಡುಗನ ಮುಂದೆ ಈ ತೀರ್ಪು ಓದುವಾಗ ಯಾರ ದನಿಯೂ ನಡುಗುವುದಿಲ್ಲ. ಪಕ್ಕದ ಮನೆಯವರು, ಮದುವೆ ಪಂಕ್ತಿಯಲ್ಲಿ ಎದುರು ಕೂತವರು, ಬಸ್ಸಿನಲ್ಲಿ ಸಿಕ್ಕ ದೂರದ ನೆಂಟರು ಎಲ್ಲರೂ ಕೇಳುವುದು ಒಂದೇ: ‘ಎಷ್ಟು ಬಂತಪ್ಪ?’ ಉತ್ತರ ಕೇಳಿದ ಮೇಲೆ ಮುಖದಲ್ಲಿ ಆಗುವ ಬದಲಾವಣೆಯನ್ನು ಅವರು ಕನ್ನಡಿಯಲ್ಲಿ ನೋಡಿಕೊಂಡಿರುವುದಿಲ್ಲ. ಮಕ್ಕಳು ನೋಡಿರುತ್ತಾರೆ.

ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಮೇಷ್ಟ್ರಾಗಿ ಸರ್ವಿಸು ಮುಗಿಸಿದವನು ನಾನು. ಪ್ರತಿ ಜೂನ್, ಜುಲೈನಲ್ಲಿ ಅಡ್ಮಿಷನ್ ಕೌಂಟರಿನ ಈಚೆ ಕೂತವನು. ಆಚೆ ನಿಂತ ತಂದೆತಾಯಿಯರಲ್ಲಿ ಅರ್ಧಕ್ಕರ್ಧ ಜನ ಏನೋ ಕಳೆದುಕೊಂಡವರ ಹಾಗೆ ನಿಂತಿರುತ್ತಿದ್ದರು. ‘ಪಿಯುಸಿಗೆ ಹಾಕೋಣ ಅಂತಿದ್ವಿ ಸಾರ್, ಇವನ ಮಾರ್ಕ್ಸು ನೋಡಿ...’ ಎಂದು ಮಗನ ಎದುರಿಗೇ ಶುರು ಮಾಡುತ್ತಿದ್ದರು. ಆ ಕೌಂಟರಿನ ಗಡಿಬಿಡಿಯಲ್ಲಿ ಹೇಳಲಾಗದೆ ಉಳಿದದ್ದನ್ನು ಈಗ ನಿಮ್ಮೆಲ್ಲರಲ್ಲಿ ಕೇಳಿಕೊಳ್ಳುತ್ತಿದ್ದೇನೆ. ಹತ್ತನೇ ತರಗತಿಯ ಹೊಸ್ತಿಲಲ್ಲಿ ಯಾರ ದಾರಿಯೂ ಮುಗಿಯುವುದಿಲ್ಲ. ನಡುವೆ ಸೇರಿಕೊಳ್ಳಲು ನಮ್ಮ ವ್ಯವಸ್ಥೆಯಲ್ಲೇ ಅವಕಾಶಗಳಿವೆ. ಅವು ಇವೆಯೆಂದು ಗೊತ್ತಿರುವವರು ಗೊತ್ತಿಲ್ಲದವರಿಗೆ ಹೇಳಿ. ಹಾಗೆ ಸುತ್ತಿಕೊಂಡು ಬಂದವರನ್ನು ಬಾಗಿಲಲ್ಲೇ ತಡೆಯಬೇಡಿ.

ಎಷ್ಟೋ ಜನರಿಗೆ ಇವು ಗೊತ್ತೇ ಇಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಐಟಿಐನಲ್ಲಿ ಎರಡು ವರ್ಷದ ಟ್ರೇಡ್ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೇ ಸೇರಬಹುದು. ಡಿಪ್ಲೊಮಾ ಮುಗಿಸಿದವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಡಿಸಿಇಟಿ ಪ್ರವೇಶ ಪರೀಕ್ಷೆ ನಡೆಸುತ್ತದೆ. ಅದರಲ್ಲಿ ರ‍್ಯಾಂಕ್ ಬಂದರೆ ಬಿಇ ಎರಡನೇ ವರ್ಷಕ್ಕೆ ನೇರ ಪ್ರವೇಶ. ಪಿಯುಸಿಯ ಮುಖವನ್ನೇ ನೋಡದ ಹುಡುಗ ಹೀಗೆ ಇಂಜಿನಿಯರ್ ಆಗುತ್ತಾನೆ. ಜಿಎನ್‌ಎಂ ಡಿಪ್ಲೊಮಾ ಮಾಡಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿರುವ ನರ್ಸ್ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಓದಿ ಪದವೀಧರೆಯಾಗಬಹುದು. ಮದುವೆ, ಮಕ್ಕಳು ಎಂದು ಓದು ನಿಂತುಹೋದ ಹೆಣ್ಣುಮಗಳಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ 1996ರಿಂದ ಇದೆ, ಅದಕ್ಕೂ ಮೊದಲಿನಿಂದ ಇಗ್ನೋ ಇದೆ. ಮಾನ್ಯತೆ ಇರುವ ಸಂಸ್ಥೆಯ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಇನ್ನು ಫೇಲಾದವರ ಮಾತು: 2024ರಿಂದ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಾಗಿ, ಬಂದದ್ದರಲ್ಲಿ ಹೆಚ್ಚಿನ ಅಂಕವನ್ನೇ ಉಳಿಸಿಕೊಳ್ಳುವ ಅವಕಾಶವಾಯಿತು. ಕಾಗದದ ಮೇಲಿನ ನಿಯಮ ಮಕ್ಕಳ ಪರವಾಗಿ ಇಷ್ಟು ಬದಲಾಗಿದೆ. ಮನೆಯ ಜಗಲಿ ಮಾತ್ರ ಬದಲಾಗಿಲ್ಲ.

ಈ ಸುತ್ತುದಾರಿಗಳ ಎದುರುಗಡೆ, ಎಲ್ಲರೂ ನುಗ್ಗುವ ನೇರ ದಾರಿಯಲ್ಲಿ ಏನಿದೆ ನೋಡಿ. 2024ರಲ್ಲಿ ನೀಟ್ ಬರೆದವರು ದೇಶದಲ್ಲಿ 23 ಲಕ್ಷಕ್ಕೂ ಹೆಚ್ಚು. ಆ ವರ್ಷ ಎಂಬಿಬಿಎಸ್ ಸೀಟುಗಳು ಸುಮಾರು ಒಂದು ಲಕ್ಷದ ಹತ್ತು ಸಾವಿರ, ಅದರಲ್ಲೂ ಅರ್ಧದಷ್ಟು ಖಾಸಗಿ ಕಾಲೇಜುಗಳದ್ದು. ಸಾಲ ಮಾಡಿ ಕೋಚಿಂಗಿಗೆ ಕಟ್ಟಿ, ಎರಡು ಮೂರು ವರ್ಷ ರಿಪೀಟ್ ಮಾಡಿಸಿ, ಕೊನೆಗೆ ‘ಬೇರೆ ಏನಾದ್ರೂ ಮಾಡ್ಕೋ’ ಎನ್ನುವ ಹೊತ್ತಿಗೆ ಆ ಬೇರೆ ಏನಾದರೂ ಏನು ಎಂಬುದು ಅಪ್ಪನಿಗೂ ತಿಳಿದಿರುವುದಿಲ್ಲ, ಮಗಳಿಗೂ ತಿಳಿದಿರುವುದಿಲ್ಲ. ಡಾಕ್ಟರಾಗುವ ಆಸೆ ತಪ್ಪಲ್ಲ. ಒಂದೇ ಆಸೆಯನ್ನು ಇಡೀ ಬೀದಿಗೆ ಹಂಚುವುದು ತಪ್ಪು.

ಸುತ್ತುದಾರಿ ಸುಖದ ದಾರಿ ಎಂದು ಬಣ್ಣ ಹಚ್ಚಲು ನನಗೆ ಮನಸ್ಸಿಲ್ಲ. ಅದರಲ್ಲಿ ನಡೆದವರನ್ನು ಹತ್ತಿರದಿಂದ ಕಂಡಿದ್ದೇನೆ. ಟರ್ನರ್ ಟ್ರೇಡ್ ಮುಗಿಸಿ ಎರಡನೇ ವರ್ಷಕ್ಕೆ ಬಂದ ಹುಡುಗರು ಮೆಷಿನ್ ಶಾಪಿನಲ್ಲಿ ರಾಜರು. ಫೋರ್ ಜಾ ಚಕ್‌ನಲ್ಲಿ ಜಾಬ್ ಸೆಂಟರ್ ಮಾಡಲು ಉಳಿದವರು ಬೆವರು ಸುರಿಸುತ್ತಿದ್ದರೆ, ಅಂಥ ಒಬ್ಬ ಬಂದು ಸೀಮೆಸುಣ್ಣದ ತುಂಡನ್ನು ತಿರುಗುವ ಜಾಬಿನ ಹತ್ತಿರ ಮೆಲ್ಲಗೆ ಹಿಡಿಯುತ್ತಿದ್ದ. ಉಬ್ಬಿದ ಕಡೆಗೆ ಮಾತ್ರ ಬಿಳಿ ಗೀರು ಬೀಳುತ್ತದೆ. ಮೆಷಿನ್ ನಿಲ್ಲಿಸಿ, ಎದುರಿನ ಜಾ ಸಡಿಲಿಸಿ, ಗೀರು ಬಿದ್ದ ಕಡೆಯದನ್ನು ಬಿಗಿ ಮಾಡಿ, ಮತ್ತೆ ತಿರುಗಿಸಿ, ಮತ್ತೆ ಸೀಮೆಸುಣ್ಣ. ಸುಣ್ಣ ಸುತ್ತಲೂ ಒಂದೇ ಸಮ ಮೆತ್ತುವವರೆಗೆ ಬಿಡುತ್ತಿರಲಿಲ್ಲ. ಅದೇ ಹುಡುಗ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕ್ಲಾಸಿನಲ್ಲಿ ಕೊನೆ ಬೆಂಚು. ಇಂಗ್ಲಿಷ್ ಪುಸ್ತಕದ ಮೊದಲ ಪುಟಕ್ಕೇ ಕಣ್ಣು ಕತ್ತಲಿಡುತ್ತಿತ್ತು. ಡಿಪ್ಲೊಮಾ ದಾಟಿ ಬಿಇಗೆ ಹೋದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಹುಡುಗರು ‘ಮ್ಯಾಟ್‌ಡಿಪ್’ ಎಂದು ಕರೆಯುವ ಹೆಚ್ಚುವರಿ ಗಣಿತ ಕಾದಿರುತ್ತದೆ. ಪಿಯುಸಿಯವರು ಮೊದಲ ವರ್ಷದಲ್ಲಿ ಕಲಿತದ್ದನ್ನು ಇವರು ಮೂರನೇ, ನಾಲ್ಕನೇ ಸೆಮಿಸ್ಟರಿನ ಭಾರದ ಜೊತೆಗೇ ಕಲಿತು ಪಾಸಾಗಬೇಕು. ಆಗದೆ ಹಿಂದೆ ಉಳಿದವರಿದ್ದಾರೆ, ಬಿಟ್ಟುಹೋದವರೂ ಇದ್ದಾರೆ. ದಾಟಿದವರಿಗೆ ಮಾತ್ರ ಒಂದು ಗುಣ ಅಂಟಿಕೊಂಡಿರುತ್ತದೆ: ಕೆಟ್ಟ ಯಂತ್ರದ ಮುಂದೆ ಕೈಕಟ್ಟಿ ನಿಲ್ಲುವುದಿಲ್ಲ.

ಸುತ್ತುದಾರಿಯ ಬೆಲೆ ಹಿಂದಿನವರಿಗೆ ಗೊತ್ತಿತ್ತು. ಎಚ್‌ಎಎಲ್, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ತುಂಬಿಕೊಂಡಿದ್ದ ಕಾಲದ ಬೆಂಗಳೂರಿನಲ್ಲಿ ಫಸ್ಟ್ ಶಿಫ್ಟ್ ಮುಗಿಸಿ, ಟಿಫಿನ್ ಕ್ಯಾರಿಯರ್ ಹಿಡಿದೇ ಸಂಜೆ ಕಾಲೇಜಿನ ಬಸ್ ಹತ್ತುತ್ತಿದ್ದವರು ಎಷ್ಟೋ ಜನ. ಹೀಗೆ ಸಂಜೆ ಓದಿ ಬಿಎ, ಬಿಕಾಂ, ಎಲ್‌ಎಲ್‌ಬಿ ಮಾಡಿಕೊಂಡವರಿದ್ದಾರೆ. ಡಿಪ್ಲೊಮಾದವರು ಸಂಜೆ ತರಗತಿಯಲ್ಲೇ ಬಿಇ ಮುಗಿಸಿದ್ದೂ ಉಂಟು. ಅಪ್ಪ ಕೆಲಸಕ್ಕೂ ಹೋಗಿ ಪರೀಕ್ಷೆಗೂ ಕೂತದ್ದನ್ನು ನೋಡಿ ಬೆಳೆದ ಮಕ್ಕಳು ಇವತ್ತು ಅದೇ ಊರಿನ ದೊಡ್ಡ ಕಂಪನಿಗಳಲ್ಲಿ ಕೂತು ‘ಓದಿನಲ್ಲಿ ಗ್ಯಾಪ್ ಇರುವವರು ಬೇಡ’ ಎಂಬ ಷರತ್ತು ಬರೆಯುತ್ತಿರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ದೊಡ್ಡವರ ಉದಾಹರಣೆ ಬೇಕೆಂದರೆ ಎಚ್. ನರಸಿಂಹಯ್ಯನವರನ್ನು ನೆನೆಯಿರಿ. ಗೌರಿಬಿದನೂರಿನ ಹೊಸೂರಿನಿಂದ ಓದಲೆಂದು ಬೆಂಗಳೂರಿಗೆ ನಡೆದೇ ಬಂದ ಹುಡುಗ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಓದು ಬಿಟ್ಟರು, ಜೈಲಿಗೆ ಹೋದರು. ಹೊರಬಂದು ಓದು ಮುಗಿಸಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದ ಡಾಕ್ಟರೇಟ್ ಕೈಗೆ ಬಂದಾಗ ವಯಸ್ಸು ನಲವತ್ತರ ಹತ್ತಿರ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳು. ಇವತ್ತಿನ ಕ್ಯಾಂಪಸ್ ಸೆಲೆಕ್ಷನ್ನಿನ ಫಾರ್ಮು ತುಂಬಿದ್ದರೆ 1942ರ ಕಾಲಂನಲ್ಲೇ ಅವರ ಅರ್ಜಿ ಬಿದ್ದುಹೋಗುತ್ತಿತ್ತು.

ವಿಶ್ವೇಶ್ವರಯ್ಯನವರೂ ಅಷ್ಟೇ. ಮೊದಲು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿಎ, ಆಮೇಲೆ ಪುಣೆಗೆ ಹೋಗಿ ಇಂಜಿನಿಯರಿಂಗ್. ಓದುವಾಗ ಖರ್ಚಿಗೆ ಮನೆಪಾಠ ಹೇಳಿದವರು ಅವರು. 1943ರಲ್ಲಿ, ಎಂಬತ್ತು ದಾಟಿದ ಮೇಲೆ, ಅವರು ಆಸಕ್ತಿ ವಹಿಸಿ ಬೆಂಗಳೂರಿನಲ್ಲಿ ಕಟ್ಟಿಸಿದ್ದು ಕೈಕೆಲಸ ಕಲಿಸುವ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಈಗ ಎಲ್ಲರೂ ಎಸ್‌ಜೆಪಿ ಎನ್ನುವ ಪಾಲಿಟೆಕ್ನಿಕ್. ಸೆಪ್ಟೆಂಬರ್ 15ರಂದು, ಅವರ ಹುಟ್ಟುಹಬ್ಬಕ್ಕೆ, ಫೋಟೊಗೆ ಹಾರ ಹಾಕುತ್ತೇವೆ. ಮಗನನ್ನು ಪಾಲಿಟೆಕ್ನಿಕ್‌ಗೆ ಕಳಿಸಿದ್ದನ್ನು ನೆಂಟರಿಗೆ ಹೇಳಲು ನಾಚುತ್ತೇವೆ.

ಸರ್ಕಾರದ ಲೆಕ್ಕವೂ ಇಂಥದ್ದೇ. 2024ರ ಜನವರಿಯಲ್ಲಿ ಶುರುವಾದ ಯುವನಿಧಿ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಹೊಟ್ಟೆಪಾಡಿನಲ್ಲೂ ಡಿಪ್ಲೊಮಾದ ಹೊಟ್ಟೆ ಅರ್ಧ ಎಂದು ಯಾರು ಅಳೆದರೋ ಕಾಣೆ. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಹೊಸ ಯಂತ್ರಗಳನ್ನು ತಂದ ಕೆಲಸವನ್ನು ಮಾತ್ರ ಮೆಚ್ಚಲೇಬೇಕು. ಯಂತ್ರ ಬಂತು. ಅದರ ಮುಂದೆ ನಿಲ್ಲುವ ಹುಡುಗನಿಗೆ ಮರ್ಯಾದೆ ಬರಬೇಕಾಗಿದೆ.

ಇನ್ನು ನೇರವಾಗಿ ಕೇಳುತ್ತೇನೆ.

ಕಂಪನಿಗಳಲ್ಲಿ ಕೆಲಸಕ್ಕೆ ಜನ ಆರಿಸುವ ಕನ್ನಡದ ಬಂಧುಗಳೇ, ನಿಮ್ಮ ನೋಟಿಸಿನಲ್ಲಿ ಒಂದು ಸಾಲು ಇರುತ್ತದೆ: ಹತ್ತನೇ ತರಗತಿ, ಪಿಯುಸಿ ಅಥವಾ ಡಿಪ್ಲೊಮಾ, ಪದವಿ, ಮೂರರಲ್ಲೂ ಶೇ 60. ಅಪ್ಪ ತೀರಿಕೊಂಡ ವರ್ಷ ಹತ್ತನೇ ತರಗತಿ ಬರೆದು 54 ತೆಗೆದ ಹುಡುಗಿ ಇಂಜಿನಿಯರಿಂಗಿನಲ್ಲಿ 80 ತೆಗೆದರೂ ನಿಮ್ಮ ಪರೀಕ್ಷೆಗೆ ಕೂರುವಂತಿಲ್ಲ. ಹದಿನೈದನೇ ವಯಸ್ಸಿನ ಅಂಕ ನೋಡಿ ಇಪ್ಪತ್ತೆರಡನೇ ವಯಸ್ಸಿನವಳನ್ನು ಅಳೆಯುವುದು ಯಾವ ನ್ಯಾಯ? ಸಾವಿರಾರು ಅರ್ಜಿ ಸೋಸಲು ಇದು ಸುಲಭದ ಜರಡಿ ಎನ್ನುವುದು ನನಗೆ ಗೊತ್ತು. ಆ ಸಾಲನ್ನು ತೆಗೆದು, ಒಂದು ವರ್ಷದ ಮಟ್ಟಿಗಾದರೂ, ಪದವಿಯ ಅಂಕ ಮತ್ತು ನಿಮ್ಮದೇ ಪರೀಕ್ಷೆಯ ಮೇಲೆ ಆರಿಸಿ ನೋಡಿ. ಗ್ಯಾಪ್ ಕಂಡರೆ ಯಾಕೆ ಎಂದು ಕೇಳಿ, ಕೇಳದೆ ಹೊರಗಿಡಬೇಡಿ.

ಹೈಸ್ಕೂಲು ಮೇಷ್ಟ್ರುಗಳೇ, ಟೀಚರುಗಳೇ, ಐಟಿಐಯನ್ನು ಬೆದರಿಕೆಯಾಗಿ ಬಳಸಬೇಡಿ. ‘ಓದದಿದ್ರೆ ಐಟಿಐಗೆ ಹಾಕ್ತಾರೆ’ ಎಂದು ಒಂದು ಕ್ಲಾಸಿಗೆ ಹೇಳಿದರೆ, ಮರುವರ್ಷ ಅದಕ್ಕೆ ಸೇರುವ ಹತ್ತು ಮಕ್ಕಳು ತಲೆ ತಗ್ಗಿಸಿಕೊಂಡೇ ಹೋಗುತ್ತಾರೆ.

ಅಪ್ಪ ಅಮ್ಮಂದಿರಲ್ಲಿ ಹೆಚ್ಚೇನೂ ಕೇಳುವುದಿಲ್ಲ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಮಗಳು ಬಿಎ ಇತಿಹಾಸ ಓದುತ್ತೇನೆ ಎಂದರೆ ‘ಅದರಿಂದ ಏನು ಸಿಗುತ್ತೆ’ ಎಂದು ಕೇಳುವ ಮೊದಲು, ಪಿಡಿಒ, ಎಫ್‌ಡಿಎ ಪರೀಕ್ಷೆ ಬರೆದು ನಿಮ್ಮ ಪಂಚಾಯಿತಿಯಲ್ಲೋ ತಾಲ್ಲೂಕು ಆಫೀಸಿನಲ್ಲೋ ಕೂತಿರುವವರು ಏನು ಓದಿದ್ದಾರೆ ಎಂದು ಒಮ್ಮೆ ವಿಚಾರಿಸಿ. ಮಗ ಒಂದು ವರ್ಷ ಗ್ಯಾರೇಜಿನಲ್ಲಿ ದುಡಿದು ಆಮೇಲೆ ಡಿಪ್ಲೊಮಾಗೆ ಸೇರುತ್ತೇನೆ ಎಂದರೆ ಆ ವರ್ಷ ಹಾಳಾಯಿತು ಎಂದುಕೊಳ್ಳಬೇಡಿ.

ಎಲ್ಲರಿಗಿಂತ ಹೆಚ್ಚಾಗಿ ಕೇಳಿಕೊಳ್ಳುವುದು ಸುತ್ತಿಕೊಂಡು ಬಂದವರನ್ನೇ. ಐಟಿಐ, ಡಿಪ್ಲೊಮಾ, ಸಂಜೆ ಕಾಲೇಜು, ಕರೆಸ್ಪಾಂಡೆನ್ಸ್ ಕೋರ್ಸ್, ಎರಡನೇ ಸಲ ಬರೆದು ಪಾಸಾದ ಪಿಯುಸಿ, ಇವನ್ನೆಲ್ಲ ದಾಟಿ ಒಂದು ನೆಲೆಗೆ ಬಂದವರು ಊರೂರಿನಲ್ಲಿದ್ದೀರಿ. ನಿಮ್ಮಲ್ಲಿ ಹಲವರು ಆ ಭಾಗವನ್ನು ಮುಚ್ಚಿಟ್ಟುಕೊಂಡೇ ಬದುಕುತ್ತಿದ್ದೀರಿ. ಹೊಸ ಪರಿಚಯದವರ ಮುಂದೆ ಕೊನೆಯ ಡಿಗ್ರಿ ಮಾತ್ರ ಹೇಳುತ್ತೀರಿ. ಡಿಸೆಂಬರ್, ಜನವರಿಯಲ್ಲಿ ಊರಿಗೆ ಹೋದಾಗ ನೀವು ಓದಿದ ಹೈಸ್ಕೂಲಿಗೆ ಒಂದು ಮಧ್ಯಾಹ್ನ ಹೋಗಿ. ಭಾಷಣ ಬೇಡ. ಯಾವ ವರ್ಷ ಏನು ಮಾಡಿದಿರಿ, ಎಲ್ಲಿ ಫೇಲಾದಿರಿ, ಯಾವ ಅರ್ಜಿ ಯಾವ ತಿಂಗಳಲ್ಲಿ ಹಾಕಿದಿರಿ, ಮೊದಲ ಸಂಬಳ ಎಷ್ಟು, ಇಷ್ಟನ್ನು ಹೇಳಿ. ಮಕ್ಕಳು ಸಂಬಳದ ಮಾತಿಗೆ ಕಿವಿ ನೆಟ್ಟಗೆ ಮಾಡುತ್ತಾರೆ, ಉಳಿದದ್ದೂ ಅದರ ಜೊತೆಗೆ ಒಳಗೆ ಹೋಗುತ್ತದೆ. ಬರುವಾಗ ಐಟಿಐ, ಪಾಲಿಟೆಕ್ನಿಕ್, ಡಿಸಿಇಟಿ ವಿವರಗಳನ್ನು ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿ, ಕೆಳಗೆ ನಿಮ್ಮ ಫೋನ್ ನಂಬರ್ ಬರೆದಿಡಿ. ಹೆಡ್ಮಾಸ್ಟರು ಬೇಡ ಎನ್ನುವುದಿಲ್ಲ.