ಗಾಡಿ ನಿಂದ್ರಿಸ್ರಿ, ಮಾತು ನಿಂದ್ರಿಸಬ್ಯಾಡ್ರಿ

ಮಳಿ ಬಂದು ರೈಲು ನಿಂತ್ರ ಯಾರ್ನೂ ಬೈಯಬಾರ್ದು ಅಂತಾರ. ಮಳಿ ದೇವರ ಕೈಯಾಗಿಂದು, ಗಾಳಿ ಯಾರ ಮಾತೂ ಕೇಳಂಗಿಲ್ಲ, ಗುಡ್ಡ ಕುಸಿದ್ರ ಡ್ರೈವರ್ ಏನ್ ಮಾಡ್ಯಾನು ಅಂತ ಕೇಳ್ತಾರ. ಈ ಮಾತು ಅರ್ಧ ಖರೆ. ಉಳಿದ ಅರ್ಧ ಸುಳ್ಳು. ಆ ಸುಳ್ಳಿನ ಸಲುವಾಗೇ ಇವತ್ತ ಬರಿಯಾಕ ಕುಂತೀನಿ.

ನಮ್ಮ ಬಾಳೆಹೊಸೂರಿಗೆ ರೈಲಿಲ್ಲ. ಲಕ್ಷ್ಮೇಶ್ವರಕ್ಕೂ ಇಲ್ಲ. ಗದಗ–ಯಲವಿಗಿ ಹಳಿ ಆಗ್ಲಿ ಅಂತ ಕೇಳಿ ಕೇಳಿ ಮಂದಿ ಬಾಯಿ ಒಣಗೇತಿ. ರೈಲು ಹತ್ತಬೇಕಂದ್ರ ಬಸ್ ಹಿಡಿದು ಯಲವಿಗಿಗೆ ಹೋಗ್ಬೇಕು, ಇಲ್ಲಾ ಗದಗಿಗೆ, ಇಲ್ಲಾ ಹುಬ್ಬಳ್ಳಿಗೆ. ಆದ್ರೂ ನಮ್ಮ ಕಡೆ ರೈಲಿನ ಋಣ ಇಲ್ಲದ ಮನಿ ಕಡಿಮಿ. ಯಾರರೆ ಒಬ್ರು ಗೋವಾದಾಗ ದುಡಿಯಾಕ ಇರ್ತಾರ, ಒಬ್ರು ಮಂಗಳೂರಾಗ, ಒಬ್ರು ಬೆಂಗಳೂರಾಗ. ಆಷಾಢ ಏಕಾದಶಿಗೆ ಪಂಢರಪುರಕ್ಕ ಹೊಂಟವ್ರು ಇರ್ತಾರ. ಶ್ರಾವಣ ಹತ್ತಿತು ಅಂದ್ರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರೂದು ಇರ್ತೈತಿ.

ಕೆಲವ್ರು ಶಾಣ್ಯಾತನ ಹೇಳ್ತಾರ: "ಮಳಿಗಾಲದಾಗ ಯಾಕ್ ಅಡ್ಡ್ಯಾಡ್ತೀರಿ? ಮನ್ಯಾಗ ಸುಮ್ನ ಕುಂಡ್ರಬಾರ್ದಾ?" ಈ ಮಾತು ಹೇಳೂದು ಬರೇ ಗಂಡಸ್ರು. ಅಲ್ರೀ, ಪಂಚಮಿ ಬ್ಯಾಸಿಗ್ಯಾಗ ಬರ್ತೈತೇನು? ವಿಠ್ಠಲನ ಏಕಾದಶಿ ಸಂಕ್ರಮಣಕ್ಕ ಸರಸ್ತಾರೇನು? ಹುಡುಗೂರ ಕಾಲೇಜು ಅಡ್ಮಿಷನ್, ಬಾಣಂತನ, ದವಾಖಾನಿ, ಸತ್ತವರ ಮನಿ, ಇವೆಲ್ಲಾ ಮಳಿ ನೋಡಿಕೊಂಡು ಬರ್ತಾವೇನು? ನಮ್ಮ ಮಂದಿ ಭಾಳ ಅಡ್ಡ್ಯಾಡೂದ ಜೂನ್‌ದಿಂದ ಆಗಸ್ಟ್ ಮಟಾ. ಮಳಿ ಬರೂದೂ ಆವಾಗ. ಇದು ರೈಲ್ವೆದವ್ರಿಗೆ ಗೊತ್ತಿಲ್ಲಂದ್ರ ಯಾರಿಗೆ ಗೊತ್ತಿರಬೇಕು?

"ಅನಿರೀಕ್ಷಿತ ಮಳೆಯಿಂದಾಗಿ" ಅಂತ ಪೇಪರಿನ್ಯಾಗ ಬರ್ತೈತಿ ನೋಡ್ರಿ, ಆ ಶಬ್ದ ಓದಿದ್ರ ನನಗ ಮೈ ಉರಿತೈತಿ. ಲೆಕ್ಕಾ ಹಾಕೂಣು ಬರ್ರಿ. ಪುಷ್ಯಾ ಮಳಿ ಜುಲೈ 20ರ ಸುಮಾರು ಕೂಡತೈತಿ, ಆಗಸ್ಟ್ 2ರ ಹೊತ್ತಿಗೆ ಮುಗಿತೈತಿ. ಮನ್ಯಾಗಿನ ಕ್ಯಾಲೆಂಡರ್ ನೋಡ್ರಿ, ಬರದಿರ್ತೈತಿ.

2019ರ ಜುಲೈ 27. ಮುಂಬೈದಿಂದ ಕೊಲ್ಲಾಪುರಕ್ಕ ಹೊಂಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ–ವಾಂಗಣಿ ನಡುವ ನೀರಾಗ ಸಿಕ್ಕೊಂತು. ಸಾವಿರಕ್ಕೂ ಮ್ಯಾಲೆ ಮಂದಿ ಒಳಗ. ಅದರಾಗ ಒಂಬತ್ತು ಮಂದಿ ಬಸರಿ ಹೆಣ್ಣುಮಕ್ಕಳು. ಕಡೀಕ ದೋಣಿ ತಂದು ಎಲ್ಲಾರ್ನೂ ಹೊರಗ ತಗದ್ರು.

2021ರ ಜುಲೈ 23. ಕೊಂಕಣ ಹಳಿ ಮ್ಯಾಲೆ ನೀರು ಬಂದಿತ್ತು. ಅದಕ್ಕ ಮಂಗಳೂರು–ಮುಂಬೈ ಗಾಡೀನ ನಮ್ಮ ಕಡೆ ತಿರುಗಿಸಿ ಮಡಗಾಂವ್‌ದಿಂದ ಲೋಂಡಾ, ಮಿರಜ ಮ್ಯಾಲೆ ಬಿಟ್ಟಿದ್ರು. ಅದು ದೂಧಸಾಗರ–ಸೊನಾಲಿಮ್ ನಡುವ ಗುಡ್ಡ ಕುಸಿದು ಹಳಿ ತಪ್ಪಿತು. ಪುಣ್ಯಾ, ಯಾರಿಗೂ ಏನೂ ಆಗಲಿಲ್ಲ.

2024ರ ಜುಲೈ 26. ಸಕಲೇಶಪುರದ ಘಾಟಿನ್ಯಾಗ ಯಡಕುಮರಿ–ಕಡಗರವಳ್ಳಿ ನಡುವ ಹಳಿ ಬುಡದ ಮಣ್ಣ ಕುಸಿತು. ಬೆಂಗಳೂರು–ಮಂಗಳೂರು ಗಾಡಿ ಎರಡು ವಾರದ ಸುಮಾರು ಬಂದ್.

ಮೂರೂ ಪುಷ್ಯಾ ಮಳಿಯೊಳಗ. ಮೂರೂ ಒಂದ ವಾರದ ಅಂತರದಾಗ. 2018ರಾಗ ಅದೇ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿನ್ಯಾಗ 60ಕ್ಕೂ ಹೆಚ್ಚು ಕಡೆ ಗುಡ್ಡ ಜರದಿದ್ದು ಆಗಸ್ಟ್ ನಡುವ, ಆಶ್ಲೇಷಾ ಮುಗಿದು ಮಘಿ ಕೂಡೂ ಹೊತ್ತಿಗೆ. ಆವಾಗ ಎರಡು ತಿಂಗಳ ಸುಮಾರು ಗಾಡಿ ಓಡಲಿಲ್ಲ. ಇದನ್ನೆಲ್ಲಾ ನೋಡಿದ ಮ್ಯಾಲೂ "ಅನಿರೀಕ್ಷಿತ" ಅಂದ್ರ ಹೆಂಗ? ನಮ್ಮೂರ ಯಾವ ಮುದುಕಿನ್ನ ಕೇಳಿದ್ರೂ ಪುಷ್ಯಾ ಯಾವಾಗ ಕೂಡತೈತಿ ಅಂತ ಹೇಳ್ತಾಳ. ಇಷ್ಟು ದೊಡ್ಡ ಇಲಾಖೆಗೆ ಹೇಳಾಕ ಬರಂಗಿಲ್ಲೇನು?

ನಾವು ಮಣ್ಣಿನ ಮಾಳಗಿ ಮನ್ಯಾಗ ಬೆಳೆದವ್ರು. ರೋಹಿಣಿ ಮಳಿ ಬರೂದ್ರಾಗ ಮಾಳಗಿ ಮ್ಯಾಲಿನ ಹುಲ್ಲು ಕಿತ್ತು, ಹಾಳಮಣ್ಣು ಹಾಕಿ ತುಳಿದು, ನೀರು ಹೋಗೂ ದೋಣಿ ಸ್ವಚ್ಛ ಮಾಡ್ತಿದ್ವಿ. ಮಾಳಗಿ ಸೋರಿದ ಮ್ಯಾಲೆ "ಮಳಿ ಜೋರಿತ್ತು" ಅಂದ್ರ ನಮ್ಮತ್ತಿ ಬಿಡ್ತಿದ್ರೇನು? "ಮಳಿ ಜೋರ ಇರ್ತೈತಿ ಅಂತನ ಮಣ್ಣ ಹಾಕೂದು" ಅಂತಿದ್ರು. ಹಳಿಗೂ ಅದ ನ್ಯಾಯ. ಹಳಿ ಕೆಳಗ ಜಲ್ಲಿ, ಅದರ ಕೆಳಗ ಮಣ್ಣಿನ ದಿಬ್ಬ, ಬಾಜೂಕ ನೀರು ಹರಿಯೂ ಗಟಾರ, ಅಲ್ಲಲ್ಲೆ ಸಣ್ಣ ಸೇತುವಿ. ಗಟಾರ ತುಂಬಿದ್ರ ನೀರು ದಿಬ್ಬದೊಳಗ ಇಳಿತೈತಿ, ಮಣ್ಣ ಕೊಚ್ಚಿಕೊಂಡು ಹೋಗ್ತೈತಿ, ಹಳಿ ಜೋಕಾಲಿ ಹಂಗ ತೂಗ್ಯಾಡತೈತಿ. ನಮ್ಮ ಕಡೆ ಎರಿ ನೆಲ ಬ್ಯಾರೆ. ಬ್ಯಾಸಿಗ್ಯಾಗ ಕೈ ಹೋಗೂವಷ್ಟು ಬಿರಿತೈತಿ, ಮಳಿಗಾಲದಾಗ ಉಬ್ಬತೈತಿ. ಇಂಥಾ ನೆಲದ ಮ್ಯಾಲೆ ಹಳಿ ಕಾಯೂದು ಸಣ್ಣ ಕೆಲಸ ಅಲ್ಲ. ಅದಕ್ಕ ರಾತ್ರಿ ಮಳ್ಯಾಗ ಬ್ಯಾಟರಿ ಹಿಡಕೊಂಡು ಹಳಿ ನೋಡಿಕೋಂತ ನಡಿಯೂ ಗ್ಯಾಂಗ್‌ಮನ್‌ಗೆ ನಾ ಕೈ ಮುಗಿತೀನಿ. ನನ್ನ ಜಗಳ ಅವನ ಕೂಡ ಅಲ್ಲ.

ನನ್ನ ಜಗಳ ಗಾಡಿ ನಿಂದ್ರಿಸೂದರ ಸಲುವಾಗಿನೂ ಅಲ್ಲ. ನಿಂದ್ರಿಸಲೇಬೇಕು. ನಿಂದ್ರಿಸದ ಕಡೆ ಏನಾಗೇತಿ ಅಂತ ಗೊತ್ತೈತಿ. 2003ರ ಜೂನ್ 22ಕ್ಕ ಕಾರವಾರದಿಂದ ಮುಂಬೈಗೆ ಹೊಂಟ ಹಾಲಿಡೇ ಸ್ಪೆಷಲ್ ವೈಭವವಾಡಿ ಹತ್ರ ಜರಿದ ಗುಡ್ಡಕ್ಕ ಬಡಿದು 50ಕ್ಕೂ ಹೆಚ್ಚು ಮಂದಿ ಹ್ವಾದ್ರು. ಮರುವರ್ಷ ಜೂನ್ 16ಕ್ಕ ಮಂಗಳೂರಿನ ಮತ್ಸ್ಯಗಂಧಾ ಬಂಡಿಗಲ್ಲಿಗೆ ಬಡಿದು ಸೇತುವಿ ಮ್ಯಾಲಿಂದ ಬಿತ್ತು. ಅದರಿಂದ ಕೊಂಕಣ ರೈಲ್ವೆದವ್ರು ಪಾಠ ಕಲತ್ರು. ಗುಡ್ಡಕ್ಕ ಬಲಿ ಹಾಕಿದ್ರು, ಮಳಿ ಅಳಿಯೂ ಯಂತ್ರ ಇಟ್ರು, ಮಳಿಗಾಲಕ್ಕ ಬ್ಯಾರೆ ಟೈಮ್ ಟೇಬಲ್ ಮಾಡಿ ಗಾಡಿ ಸಾವಕಾಶ ಓಡಸ್ತಾರ. ತಡಾ ಆಗ್ತೈತಿ ಅಂತ ಮೊದಲ ಹೇಳಿ ಬಿಡ್ತಾರ. ಹಂಗ ಹೇಳಿದ ಮ್ಯಾಲೆ ಮಂದಿ ಬೈಯಂಗಿಲ್ಲ, ನೋಡ್ರಿ.

ಬೈಯೂದು ಹೇಳದಿದ್ದಾಗ. ಒಂದ್ಸಲ ನಾನೂ ನಮ್ಮ ನೆಗೆಣ್ಣಿನೂ ಆಕಿ ಮಗಳ್ನ ಪಂಚಮಿಗೆ ಕರಕೊಂಡು ಬರಾಕ ಹ್ವಾದಾಗ ಒಂದು ಟೇಶನ್ನಿನ್ಯಾಗ ಐದು ತಾಸು ಕುಂತ್ವಿ. ಯಾವ ಟೇಶನ್ ಅಂತ ಹೇಳಂಗಿಲ್ಲ, ಯಾಕಂದ್ರ ಇದು ಒಂದ ಟೇಶನ್ನಿನ ಕಥಿ ಅಲ್ಲ. ಹೊರಗ ಗಾಳಿ ಮಳಿ. ಬೋರ್ಡಿನ ಮ್ಯಾಲೆ ನಮ್ಮ ಗಾಡಿ "ಸರಿಯಾದ ಸಮಯ" ಅಂತನ ತೋರಸ್ತಿತ್ತು. ಖಿಡಕ್ಯಾಗ ಕೇಳಿದ್ರ "ಅನೌನ್ಸ್ ಮಾಡ್ತೀವಿ, ಕುಂಡ್ರ್ರಿ" ಅಂದ್ರು. ಮೈಕಿನ್ಯಾಗ ಬಂದದ್ದು ಒಂದ ಮಾತು: ತೊಂದರೆಗಾಗಿ ವಿಷಾದಿಸುತ್ತೇವೆ. ಏನ್ ತೊಂದ್ರಿ, ಎಲ್ಲಿ, ಎಷ್ಟು ಹೊತ್ತು, ಒಂದೂ ಇಲ್ಲ. ನಮ್ಮ ಬಾಜೂಕ ಕುಂತ ಮುದುಕಿಗೆ ಸಕ್ರಿ ಬ್ಯಾನಿ. ಇನ್ನ ಹತ್ತು ನಿಮಿಷಕ್ಕ ಗಾಡಿ ಬಂದೀತು ಅಂತ ಆಕಿ ಗುಳಿಗಿ ನುಂಗದ, ಉಣ್ಣದ ಕುಂತಿದ್ಲು. ಎರಡು ತಾಸು ತಡ ಅಂತ ಹೇಳಿದ್ರ ಆಕಿ ಬುತ್ತಿ ಬಿಚ್ಚಿ ಉಣ್ತಿದ್ಲು. ಇಷ್ಟ ನೋಡ್ರಿ ವಿಷಯ. ಒಂದು ಮಾತಿನಿಂದ ಒಬ್ಬಾಕಿ ಉಣ್ತಾಳ, ಒಂದು ಕೂಸಿಗೆ ಹಾಲು ಉಳಸ್ತಾರ, ಒಬ್ರು ಬಸ್ಸಿಗೆ ಹೋಗ್ತಾರ, ಮನಿಗೆ ಫೋನ್ ಮಾಡ್ತಾರ.

"ಅವ್ರಿಗೂ ಗೊತ್ತಿರಂಗಿಲ್ಲವ್ವಾ" ಅಂತ ನಮ್ಮ ಮನಿಯವ್ರು ಅಂದ್ರು. ಗೊತ್ತಿರ್ತೈತ್ರಿ. ಒಂದು ಟೇಶನ್ನಿಂದ ಮುಂದಿನ ಟೇಶನ್ ಮಟಾ ಹಳಿ ಖಾಲಿ ಐತಿ ಅಂತ ಖಾತ್ರಿ ಆದ ಮ್ಯಾಲೇ ಗಾಡಿ ಬಿಡೂದು. ಯಾವ ಗಾಡಿ ಎಲ್ಲಿ ನಿಂತೈತಿ ಅಂತ ಕಂಟ್ರೋಲ್ ಆಫೀಸಿನ್ಯಾಗ ಹಗಲೂ ರಾತ್ರಿ ನೋಡಿಕೋಂತ ಕುಂತಿರ್ತಾರ. ಗಾಡಿ ಯಾವಾಗ ಬಿಡ್ತೈತಿ ಅಂತ ಗೊತ್ತಿರಲಿಕ್ಕಿಲ್ಲ, ಯಾಕ ನಿಂತೈತಿ ಅನ್ನೂದು ಗೊತ್ತ ಇರ್ತೈತಿ. ಅದು ಪ್ಲಾಟ್‌ಫಾರ್ಮ್ ಮ್ಯಾಲೆ ಕುಂತ ಹೆಣ್ಣುಮಗಳ ಕಿವಿಗೆ ಮಾತ್ರ ಬರಂಗಿಲ್ಲ. ಆಪ್ ನೋಡ್ರಿ, 139ಕ್ಕ ಫೋನ್ ಮಾಡ್ರಿ ಅಂತಾರ. ರಿಸರ್ವೇಶನ್ ಇದ್ದವ್ರಿಗೆ ಮೆಸೇಜ್ ಬರ್ತೈತಿ. ಜನರಲ್ ಡಬ್ಬಿಯಾಗ ನಿಂತವ್ರಿಗೆ? ಘಾಟಿನ್ಯಾಗ ರೇಂಜ್ ಇಲ್ಲದ ಕಡೆ? ಗೋವಾಕ್ಕ ಗೌಂಡಿ ಕೆಲಸಕ್ಕ ಹೊಂಟವನ ಹಂತೇಕ ಯಾವ ಆಪ್ ಇರ್ತೈತಿ?

ಇದೇ ರೈಲ್ವೆಗೆ ಚೊಲೊ ಕೆಲಸ ಮಾಡಾಕೂ ಬರ್ತೈತಿ. 2019ರ ಮೇ ತಿಂಗಳಾಗ ಒಡಿಶಾಕ್ಕ ಫನಿ ಚಂಡಮಾರುತ ಬಂತು. ಬರೂದ್ರಾಗ ಗಾಡಿ ರದ್ದು ಮಾಡಿ ಮಂದಿಗೆ ತಿಳಿಸಿದ್ರು, ಪುರಿಯಾಗಿದ್ದ ಯಾತ್ರಿಕರ್ನ ಕಳಸಾಕ ವಿಶೇಷ ಗಾಡಿ ಬಿಟ್ರು. ಜಪಾನಿನ್ಯಾಗಂತೂ ಚಂಡಮಾರುತ ಬರ್ತೈತಿ ಅಂದ್ರ ಒಂದು ದಿನ ಮೊದಲ "ನಾಳೆ ಇಷ್ಟು ಹೊತ್ತಿನಿಂದ ಗಾಡಿ ಇಲ್ಲ" ಅಂತ ಡಂಗುರ ಸಾರ್ತಾರ. ಜಪಾನ್ ಬ್ಯಾಡ ಬಿಡ್ರಿ, ಒಡಿಶಾಕ್ಕ ಮಾಡಿದ್ದು ನಮಗ್ಯಾಕಿಲ್ಲ? ಚಂಡಮಾರುತಕ್ಕ ಹೆಸರಿರ್ತೈತಿ, ಟೀವಿಯವ್ರು ಇರ್ತಾರ. ನಮ್ಮ ಪುಷ್ಯಾ ಮಳಿಗೆ ಟೀವಿ ಇಲ್ಲ, ಅಷ್ಟ.

ಹುಬ್ಬಳ್ಳಿ ಸಿದ್ಧಾರೂಢ ಸ್ವಾಮಿಗಳ ಟೇಶನ್ನಿನ್ಯಾಗ 1,507 ಮೀಟರ್ ಪ್ಲಾಟ್‌ಫಾರ್ಮ್ ಆಗೇತಿ, ಜಗತ್ತಿನ್ಯಾಗ ಅಷ್ಟು ಉದ್ದಂದು ಇನ್ನೊಂದಿಲ್ಲ. 2023ರಾಗ ಪ್ರಧಾನಿ ಬಂದು ಉದ್ಘಾಟನೆ ಮಾಡಿದ್ರು. ನಮಗೂ ಹೆಮ್ಮಿ ಐತಿ. ಆದ್ರ ಗಾಡಿ ನಿಂತ ರಾತ್ರಿ ಮಂದಿ ಪ್ಲಾಟ್‌ಫಾರ್ಮಿನ ಉದ್ದ ಅಳಿಯಂಗಿಲ್ರಿ. ನಲ್ಯಾಗ ನೀರು ಐತೋ ಇಲ್ಲೋ, ಹೆಣ್ಣುಮಕ್ಕಳ ಪಾಯಖಾನಿಗೆ ಕೀಲಿ ಹಾಕ್ಯಾರೋ ಏನೋ, ಅದನ್ನ ನೋಡ್ತಾರ. ಡಬ್ಬಿಯೊಳಗಿನ ನೀರು ಗೊತ್ತಾದ ಟೇಶನ್ನಿನ್ಯಾಗಷ್ಟ ತುಂಬಸ್ತಾರ. ಗಾಡಿ ನಡುವ ಆರು ತಾಸು ನಿಂತ್ರ ನೀರು ಖಾಲಿ. ಗಂಡಸ್ರು ಇಳಿದು ಹೊಲದ ಕಡೆ ಹೋಗ್ತಾರ. ನಾವು ಎಲ್ಲಿ ಹೋಗೂದು? ತಿಂಗಳ ದಿನಾ ಬಂದ ಹುಡುಗಿ ಎಲ್ಲಿ ಹೋಗೂದು? ಇದನ್ನ ಬರದ್ರ ನಾಚಿಕಿ ಅಂತೀರಿ. ಆ ಹುಡುಗಿ ಸಂಕಟ ನಾಚಿಕಿಗಿಂತ ದೊಡ್ಡದು.

ದುಡ್ಡಿನ ಮಾತಿಗೆ ಬರೂಣು. ಪ್ರವಾಹ ಬಂದೋ ಹಳಿ ಕೊಚ್ಚಿಯೋ ಗಾಡಿ ರದ್ದಾದ್ರ ಪೂರ್ತಿ ದುಡ್ಡು ವಾಪಸ್. ಮೊಬೈಲಿನ್ಯಾಗ ತಗೊಂಡ ಟಿಕೆಟ್ಟಿಗೆ ತಾನ ಬರ್ತೈತಿ. ಖಿಡಕ್ಯಾಗ ತಗೊಂಡ ರಿಸರ್ವೇಶನ್ ಟಿಕೆಟ್ ಇದ್ರ ಮೂರು ದಿನದಾಗ ತಿರುಗಿ ಕೊಡಬೇಕು. ಗಾಡಿ ಮೂರು ತಾಸಿಗಿಂತ ಹೆಚ್ಚು ತಡ ಆಗಿ, ನೀವು ಹೋಗಲಿಲ್ಲಂದ್ರೂ ದುಡ್ಡು ಬರ್ತೈತಿ, ಆದ್ರ ಆ ಗಾಡಿ ಬಿಡೂದ್ರಾಗ ಕೇಳಬೇಕು. ನಮ್ಮ ಕಡೆ ಎಷ್ಟು ಮಂದಿಗೆ ಗೊತ್ತೈತಿ? ಬಾಳೆಹೊಸೂರಿಂದ ಮಳ್ಯಾಗ ಬಸ್ ಇಲ್ಲದ ಮೂರು ದಿನದಾಗ ಟೇಶನ್ನಿಗೆ ಹೋಗೂದು ಹೆಂಗ? ದುಡ್ಡು ತಗೊಳ್ಳೂ ಮುಂದ ಒಂದು ಖಿಡಕಿ ಸಾಕು, ಕೊಡೂ ಮುಂದ ಹತ್ತು ನಿಯಮ.

ತಡ ಆದದ್ದಕ್ಕ ರೈಲ್ವೆ ಹೊಣಿ ಅಲ್ಲ ಅನ್ನೂವ್ರು ಇನ್ನೊಂದು ತಿಳಕೋರಿ. 2021ರ ಸೆಪ್ಟೆಂಬರಿನ್ಯಾಗ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟೈತಿ. ಅಜ್ಮೇರ್–ಜಮ್ಮು ಗಾಡಿ ನಾಕು ತಾಸು ತಡ ಆಗಿ ಒಂದು ಕುಟುಂಬಕ್ಕ ವಿಮಾನ ತಪ್ಪಿತ್ತು. ತಡ ಯಾಕಾತು, ಅದು ತಮ್ಮ ಕೈ ಮೀರಿದ್ದು ಅಂತ ರೈಲ್ವೆ ತೋರಿಸಬೇಕು, ಇಲ್ಲಂದ್ರ ಪರಿಹಾರ ಕೊಡಬೇಕು ಅಂತ ಕೋರ್ಟ್ ಹೇಳ್ತು. ಅಂದ್ರ ಕಾರಣ ಹೇಳೂದು ಉಪಕಾರ ಅಲ್ಲ, ಅದು ಅವರ ಮ್ಯಾಲಿನ ಹೊಣಿ.

ಹೊಣಿ ಅನ್ನೂ ಶಬ್ದಕ್ಕ ಒಂದು ಕಾಲಕ್ಕ ಬೆಲಿ ಇತ್ತು. 1956ರ ನವೆಂಬರಿನ್ಯಾಗ ತಮಿಳುನಾಡಿನ ಅರಿಯಲೂರ ಹತ್ರ ಹೊಳಿ ಬಂದು ಸೇತುವಿ ಕೆಟ್ಟು ಗಾಡಿ ಬಿತ್ತು, ನೂರಕ್ಕೂ ಮ್ಯಾಲೆ ಮಂದಿ ಸತ್ರು. ರೈಲ್ವೆ ಮಂತ್ರಿ ಲಾಲ್ ಬಹಾದ್ದೂರ್ ಶಾಸ್ತ್ರಿ ರಾಜೀನಾಮೆ ಕೊಟ್ರು. ಅದೂ ಮಳಿಯಿಂದನ ಆದದ್ದು. "ಮಳಿ ಜೋರಿತ್ತು" ಅಂತ ಅವ್ರೂ ಹೇಳಬಹುದಿತ್ತು. ಹೇಳಲಿಲ್ಲ. ಈಗ ರಾಜೀನಾಮೆ ಯಾರೂ ಕೇಳಾಕತ್ತಿಲ್ಲ. ಮೈಕಿನ್ಯಾಗ ನಾಕು ಮಾತು ಕೇಳಾಕತ್ತೀವಿ.

ನಮ್ಮ ಕಡೆ ರೈಲು ಬಂದದ್ದ ಬರದಿಂದ. 1876–78ರ ದೊಡ್ಡ ಬರಗಾಲದಾಗ ಕಾಳು ಮುಟ್ಟಿಸಾಕ ದಾರಿ ಇರಲಿಲ್ಲ ಅಂತ ಆಮ್ಯಾಲೆ ಸದರ್ನ್ ಮರಾಠಾ ರೈಲ್ವೆ ಕಟ್ಟಿದ್ರು. ಕಷ್ಟಕಾಲಕ್ಕ ಮಂದಿ ಕೈ ಬಿಡಬಾರ್ದು ಅಂತ ಹಾಕಿದ ಹಳಿ ಇದು. ಮಳಿಗಾಲನೂ ಕಷ್ಟಕಾಲನ.

ಅದಕ್ಕ ನಾವು ಕೇಳೂದು ಇಷ್ಟ. ಗಾಡಿ ನಿಂತ್ರ ಅರ್ಧ ತಾಸಿಗೊಮ್ಮೆ ಕನ್ನಡದಾಗ ಹೇಳ್ರಿ: ಎಲ್ಲಿ, ಯಾಕ, ಮುಂದ ಯಾವಾಗ ಹೇಳ್ತೀವಿ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತನ ಹೇಳ್ರಿ, ಅದೂ ಒಂದು ಸುದ್ದಿ. ಜನರಲ್ ಡಬ್ಬಿಗೆ ಒಬ್ಬ ಮನಷ್ಯಾನ ಕಳಸಿ ಬಾಯಿಲೆ ಹೇಳಸ್ರಿ. ನಿಂದ್ರಿಸೂದಿದ್ರ ಹೊಲದ ನಡುವ ಬ್ಯಾಡ, ನೀರು, ಪಾಯಖಾನಿ, ಅಂಗಡಿ ಇದ್ದ ಟೇಶನ್ನಿನ್ಯಾಗ ನಿಂದ್ರಿಸ್ರಿ. ಕೂಸಿಗೆ ಹಾಲು, ಬಿಸಿ ನೀರು ಕೊಡ್ರಿ. ದುಡ್ಡು ವಾಪಸ್ ನಿಯಮ ಖಿಡಕಿ ಮುಂದ ದೊಡ್ಡ ಅಕ್ಷರದಾಗ ಬರೀರಿ. ಮಿರಗ ಕೂಡೂದ್ರಾಗ ಯಾವ ಗಟಾರ ತಗದೀರಿ, ಯಾವ ಗುಡ್ಡಕ್ಕ ಬಲಿ ಹಾಕೀರಿ ಅಂತ ಪೇಪರಿನ್ಯಾಗ ಹಾಕ್ರಿ.

ಅಕ್ಕಾರ, ತಂಗೇರ, ಇದರಾಗ ಸಾವಿರ ಕೋಟಿ ಬೇಡೂದು ಯಾವುದು ಐತಿ ಹೇಳ್ರಿ? ಕಟಕ ರೊಟ್ಟಿ, ಶೇಂಗಾ ಚಟ್ನಿ ನಾವು ಮನಿಯಿಂದನ ಕಟ್ಟಿಕೊಂಡು ಬರ್ತೀವಿ, ಅದು ನಮ್ಮ ರೂಢಿ. ಯಾವಾಗ ಬಿಚ್ಚಿ ಉಣ್ಣಬೇಕು ಅನ್ನೂದಷ್ಟ ಅವ್ರು ಹೇಳ್ಲಿ. ಮುಂದಿನ ಸಲ ಮಳ್ಯಾಗ ಗಾಡಿ ನಿಂತ್ರ ಸುಮ್ನ ಕುಂಡ್ರಬ್ಯಾಡ್ರಿ. ನಾಕು ಮಂದಿ ಕೂಡಿ ಖಿಡಕಿಗೆ ಹೋಗಿ ಕೇಳ್ರಿ, ದೂರಿನ ಪುಸ್ತಕ ಇಸಕೊಂಡು ಕನ್ನಡದಾಗನ ಬರೀರಿ. ಹತ್ತು ಮಂದಿ ಬರದ್ರ ಹನ್ನೊಂದನೇದಾಕಿಗೆ ಮೈಕಿನ್ಯಾಗ ಮಾತು ಕೇಳಸ್ತೈತಿ.