ಹೊಂಗೆ ಎಣ್ಣೆ, ಮಣ್ಣಿನ ಇಟ್ಟಿಗೆ ಮತ್ತು ಸರ್ಕಾರದ ದರಪಟ್ಟಿ

ಸುಮಾರು ಮೂರು ದಶಕಗಳ ಹಿಂದೆ, ನಾನು ಜಿಲ್ಲಾಡಳಿತದಲ್ಲಿದ್ದಾಗ, ಕಿರಿಯ ಎಂಜಿನಿಯರ್ ಒಬ್ಬರು ಶಾಲಾ ಕೊಠಡಿಗಳನ್ನು ಸುಡದ ಮಣ್ಣಿನ ಇಟ್ಟಿಗೆಯಿಂದ ಕಟ್ಟುವ ಪ್ರಸ್ತಾವ ತಂದರು. ಅಂದಾಜು ವೆಚ್ಚವೂ ಕಡಿಮೆಯಿತ್ತು. ಆದರೆ ಆ ಇಟ್ಟಿಗೆಗೆ ನಮ್ಮ ದರಪಟ್ಟಿಯಲ್ಲಿ ಬಾಬು ಇರಲಿಲ್ಲ. ನಾಳೆ ಲೆಕ್ಕಪರಿಶೋಧಕರು ಆಕ್ಷೇಪ ಎತ್ತಿದರೆ ಉತ್ತರಿಸುವವರು ಯಾರು? ‘ನಿಯಮಾನುಸಾರ ಪರಿಶೀಲಿಸಿ ಮಂಡಿಸಿ’ ಎಂದು ಷರಾ ಬರೆದು ಕಡತವನ್ನು ಹಿಂದಿರುಗಿಸಿದೆ. ಹಾಗೆ ಹೋದ ಕಡತ ಮರಳಿ ಬರುವುದಿಲ್ಲವೆಂಬುದು ನನಗೆ ಗೊತ್ತಿತ್ತು, ಬರಲೂ ಇಲ್ಲ.

ಅದೇನೂ ಹುಡುಗಾಟದ ಪ್ರಯೋಗವಾಗಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದು ರೂಪಿಸಿದ ತಂತ್ರವದು. ಮಣ್ಣಿಗೆ ನೂರಕ್ಕೆ ಆರೇಳು ಪಾಲು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಕೆಲವು ವಾರ ನೀರುಣಿಸಿದರೆ ಇಟ್ಟಿಗೆ ಸಿದ್ಧ. ಗೂಡು ಬೇಡ, ಸೌದೆ ಬೇಡ. ಸುಟ್ಟ ಇಟ್ಟಿಗೆಗೆ ತಗಲುವ ಇಂಧನದ ಕಾಲುಭಾಗ ಇದಕ್ಕೆ ಸಾಕೆಂದು ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರ ಪ್ರಬಂಧದಲ್ಲಿ ಲೆಕ್ಕ ಕೊಟ್ಟಿದ್ದಾರೆ.

ಅದೇ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದರು. ನಮ್ಮ ಅಜ್ಜಿಯರು ದೀಪಕ್ಕೆ ಹಾಕುತ್ತಿದ್ದ ಎಣ್ಣೆ ಅದು. ಮೆಥನಾಲ್‌ನೊಂದಿಗೆ ಸಂಸ್ಕರಿಸಿ ಗ್ಲಿಸರಿನ್ ಬೇರ್ಪಡಿಸಿದರೆ ಬಯೋಡೀಸೆಲ್ ಆಗುತ್ತದೆ. ಗಂಧಕ ಇಲ್ಲವೆನ್ನುವಷ್ಟು ಕಡಿಮೆ, ಹೊಗೆಯೂ ಕಡಿಮೆ. ಸಾರಜನಕದ ಆಕ್ಸೈಡುಗಳು ಮಾತ್ರ ತುಸು ಹೆಚ್ಚಬಹುದು. ಹಿಂಡಿ ಹೊಲಕ್ಕೆ ಗೊಬ್ಬರ.

ಹಾಗಿದ್ದರೆ ಸೋತದ್ದೆಲ್ಲಿ? ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನ ಉತ್ತರ: ಬೆಲೆಯಲ್ಲಿ. ಕೇಂದ್ರ ಸರ್ಕಾರ 2005ರಲ್ಲಿ ಬಯೋಡೀಸೆಲ್ ಖರೀದಿ ನೀತಿ ಪ್ರಕಟಿಸಿ ಲೀಟರಿಗೆ 25 ರೂಪಾಯಿ ನಿಗದಿ ಮಾಡಿತು. ಉತ್ಪಾದನಾ ವೆಚ್ಚವೇ ಅದಕ್ಕಿಂತ ಹೆಚ್ಚಾಗಿತ್ತು. ಎದುರಿಗೆ ನಿಂತಿದ್ದುದು ಸರ್ಕಾರವೇ ಬೆಲೆ ತಗ್ಗಿಸಿ ಮಾರುತ್ತಿದ್ದ ಡೀಸೆಲ್. ಅದರ ನಿಯಂತ್ರಣ ತೆಗೆದದ್ದು 2014ರ ಅಕ್ಟೋಬರಿನಲ್ಲಿ. ಒಂದು ಕೈಯಿಂದ ಹೊಂಗೆಯನ್ನು ಕರೆದು, ಇನ್ನೊಂದು ಕೈಯಿಂದ ಬಾಗಿಲು ಮುಚ್ಚಿದಂತಾಯಿತು. ಬಂಜರಿನಲ್ಲಿ ನೀರಿಲ್ಲದೆ ಬೆಳೆದೀತೆಂದು ನಂಬಿದ್ದ ಜಟ್ರೋಫಾ ಕೈಕೊಟ್ಟದ್ದು ಬೇರೆಯೇ ಕಥೆ.

ಎಥನಾಲ್ ವಿಷಯದಲ್ಲಿ ನಡೆದುದನ್ನು ನೋಡಿ. 2014ರ ಕೊನೆಯಲ್ಲಿ ಸರ್ಕಾರ ಖಚಿತ ಬೆಲೆ ಗೊತ್ತುಮಾಡಿತು, ತೈಲ ಕಂಪನಿಗಳು ಕೊಂಡವು. 2013-14ರಲ್ಲಿ ಶೇ 1.5ರಷ್ಟಿದ್ದ ಮಿಶ್ರಣ 2025ರ ವೇಳೆಗೆ ಶೇ 20ರ ಸಮೀಪಕ್ಕೆ ಬಂತು. ಕಬ್ಬು ಕುಡಿಯುವ ನೀರಿನ ಲೆಕ್ಕವನ್ನು ಯಾರೂ ಕೇಳಲಿಲ್ಲ, ಆ ಮಾತು ಇರಲಿ. ಡೀಸೆಲ್ಲಿನ ಗಂಧಕವೂ ಹೀಗೆಯೇ ಇಳಿಯಿತು. 2020ರ ಏಪ್ರಿಲ್ 1 ಎಂದು ದಿನ ಗೊತ್ತುಮಾಡಿದ್ದರಿಂದ, ಹತ್ತು ಲಕ್ಷದಲ್ಲಿ 50 ಪಾಲು ಇದ್ದುದು ದೇಶದಾದ್ಯಂತ 10ಕ್ಕೆ ಬಂತು. ವಾಹನ ತಯಾರಕರು ಗೊಣಗುತ್ತಲೇ ಎಂಜಿನ್ ಬದಲಿಸಿದರು.

ಬಯೋಡೀಸೆಲ್‌ಗೆ 2018ರ ನೀತಿ ಇಟ್ಟ ಗುರಿ 2030ಕ್ಕೆ ಶೇ 5. ನಾವಿನ್ನೂ ಶೇ 1ನ್ನು ದಾಟಿಲ್ಲ. ಹೊಂಗೆ ಬೀಜ ಸಿಗುವುದು ಬೇಸಿಗೆಯಲ್ಲಿ, ಹೊಲದಲ್ಲಿ ಕೂಲಿಯಿಲ್ಲದ ದಿನಗಳಲ್ಲಿ. ಅದಕ್ಕೆ ಮುಂಚಿತವಾಗಿ ಬೆಲೆ ಸಾರಿ, ಹಳ್ಳಿಯ ಹತ್ತಿರವೇ ಕೊಳ್ಳುವ ವ್ಯವಸ್ಥೆಯಾಗದೆ ಹೆಣ್ಣುಮಕ್ಕಳು ಬಿಸಿಲಿನಲ್ಲಿ ಏಕೆ ಆಯಬೇಕು?

ಇಟ್ಟಿಗೆಯ ವಿಷಯ ಇನ್ನೂ ಸುಲಭ, ಏಕೆಂದರೆ ಕೊಳ್ಳುವವನು ಸರ್ಕಾರವೇ. ದರಪಟ್ಟಿಯಲ್ಲಿ ಬಾಬು ಸೇರಿಸಿದರಷ್ಟೇ ಸಾಲದು. ಜಿಲ್ಲೆಯ ಶಾಲೆ, ಅಂಗನವಾಡಿ ಕಾಮಗಾರಿಗಳಲ್ಲಿ ಇಂತಿಷ್ಟು ಪಾಲು ಸುಡದ ಇಟ್ಟಿಗೆಯದೇ ಆಗಬೇಕೆಂದು ಆದೇಶ ಹೊರಡಲಿ. ಬಳಸದಿದ್ದವರು ಕಾರಣ ಬರೆಯಲಿ, ಬಳಸಿದವರಲ್ಲ. ಆಗ ನನ್ನಂಥ ಅಂಜುಬುರುಕ ಅಧಿಕಾರಿಯೂ ಆ ಕಡತಕ್ಕೆ ಸಹಿ ಹಾಕುತ್ತಿದ್ದ.